ದ್ವೀಪದ ಹೆಂಗಸಿಗೆ ಮತ್ತೆ ಕತ್ತು ಕೂಡಿಸುವ ಭೀಮಬಾಯಿ

ಶಹಾಬಜಾರದ ಓಣಿಯಲ್ಲಿ ಚಹಾದಂಗಡಿ ಇನ್ನೂ ತೆರೆದಿಲ್ಲ. ಕಮಲಾಪುರದಿಂದ ಮೊದಲ ಬಸ್ಸಿಗೆ ಬಂದ ಭೀಮಬಾಯಿ, ತಮ್ಮ ಬೊಂಬೆ ಮಾಡುವ ಕೋಣೆಯ ಮಬ್ಬು ಬೆಳಕಿನಲ್ಲಿ ಕುಳಿತು ನೆನೆಸಿದ ರದ್ದಿ ಕಾಗದಕ್ಕೆ ಮೆಂತ್ಯದ ಹಿಟ್ಟು ಕಲಸುತ್ತಿದ್ದಾರೆ. ಎದುರಿಗೆ ಮಗುವಿನೆತ್ತರದ ಹೆಂಗಸಿನ ಬೊಂಬೆ. ಮೈಯೆಲ್ಲ ಒಣಗಿದೆ, ಕತ್ತು ಮಾತ್ರ ಹಸಿ. ನಾಳೆ ಶಾಲೆಯಲ್ಲಿ ಮಕ್ಕಳು ನೋಡುವಷ್ಟರಲ್ಲಿ ಅದು ಒಣಗಬೇಕು.

ಬೊಂಬೆ ಹೋಗುವುದು ಜೇವರ್ಗಿ ಕಾಲೋನಿಯ ಶಾಲೆಯೊಂದಕ್ಕೆ. ಇಂಡೋನೇಷ್ಯಾದ ಫ್ಲೋರೆಸ್ ದ್ವೀಪದಲ್ಲಿ ಒಂದು ಕಾಲಕ್ಕೆ ಬದುಕಿ ಅಳಿದುಹೋದ, ನಮ್ಮದೇ ಬಳಗದ ಗಿಡ್ಡ ಮನುಷ್ಯರ ಕಥೆಯನ್ನು ಭೀಮಬಾಯಿಗೆ ಹೇಳಿ, ಅವರಲ್ಲೊಬ್ಬಳ ಬೊಂಬೆ ಮಾಡಿಸುತ್ತಿರುವುದು ಆ ಶಾಲೆಯ ವಿಜ್ಞಾನ ಶಿಕ್ಷಕಿ ವಿದ್ಯಾವತಿ. ದ್ವೀಪದಲ್ಲಿ ತಿನ್ನಲು ಸಿಗುವುದು ಕಡಿಮೆ, ಅಟ್ಟಿಸಿಕೊಂಡು ಬರುವ ಹುಲಿ ಚಿರತೆಯೂ ಇಲ್ಲ. ಅಂಥಲ್ಲಿ ದೊಡ್ಡ ಮೈ ಸಾಕುವುದೇ ಕಷ್ಟ. ಸ್ವಲ್ಪದರಲ್ಲೇ ಹೊಟ್ಟೆ ತುಂಬುವವರು ಉಳಿದು ಮಕ್ಕಳನ್ನು ಹೆತ್ತರು, ತಲೆಮಾರು ಸರಿದಂತೆ ಮೈ ಸಣ್ಣದಾಯಿತು ಎಂಬುದು ಅನೇಕ ವಿಜ್ಞಾನಿಗಳ ಊಹೆ. ಅಲ್ಲಿ ಆನೆಯ ಬಳಗದ ಪ್ರಾಣಿಗಳೂ ಗಿಡ್ಡವಾಗಿದ್ದವು.

"ಆ ಆನಿ ಸುದ್ದಿ ಕೇಳಿದಾಗಿಂದ ಬಸ್ಸಿನಾಗ ಕಣ್ಣು ಮುಚ್ಚಿದ್ರ ಸಾಕ್ರಿ, ನಮ್ಮೂರ ಕೆಂಪು ಬಾಳಿ ತೋಟದಾಗ ಅಡ್ಡಾಡಾಕತ್ತಿರ್ತಾವ," ಎನ್ನುತ್ತಾರೆ ಭೀಮಬಾಯಿ.

ಅವರೂ ಗಿಡ್ಡ. ಊರಲ್ಲಿ ಕೂಲಿಗೆ ಕರೆಯುವಾಗ ಅವರ ಹೆಸರು ಕಟ್ಟಕಡೆಗೆ. ಹೆಣ್ಣು ನೋಡಲು ಬಂದವರು ಚಹಾ ಕುಡಿದು ಮುಸಿಮುಸಿ ನಕ್ಕು ಎದ್ದುಹೋದದ್ದುಂಟು. ನಾಟಕದವರಿಗೆ, ಶಾಲೆಗಳಿಗೆ ಬೊಂಬೆ ಮಾಡುವ ಕೆಲಸ ಕೈಹಿಡಿಯಿತು. "ಎಲ್ಲಾರ ಮಾರಿ ನೋಡಾಕ ಕತ್ತು ಎತ್ತೀ ಎತ್ತೀ ಸಾಕಾಗ್ಯದ್ರಿ," ಎನ್ನುವ ಅವರು, ದ್ವೀಪದ ಹೆಂಗಸಿಗೂ ಮುಖ ಮೇಲೆತ್ತಿದ ಕತ್ತನ್ನೇ ಮಾಡಿಬಿಟ್ಟಿದ್ದರು. ಗಿಡ್ಡಗಿದ್ದವರು ಇನ್ನು ಹೇಗೆ ನೋಡುತ್ತಾರೆ?

ಮೊನ್ನೆ ಬಂದ ವಿದ್ಯಾವತಿ ಬೊಂಬೆಯನ್ನು ಸುತ್ತುಹಾಕಿ ಕೇಳಿದರು: "ಅಕ್ಕಾ, ಇಕಿ ಯಾರ ಮಾರಿ ನೋಡಾಕತ್ತಾಳ? ಅಕಿ ಊರಾಗ ಎಲ್ಲಾರೂ ಇಷ್ಟೇ ಎತ್ತರ ಇದ್ರಲ್ಲ."

ಭೀಮಬಾಯಿ ಅವತ್ತು ಕೆಲಸ ಅಲ್ಲಿಗೇ ಬಿಟ್ಟು ಊರಿನ ಬಸ್ಸು ಹತ್ತಿದರು. ಗಿಡ್ಡಿ ಎಂದು ಕರೆಯುವವರೇ ಇಲ್ಲದ ಊರು ಭೂಮಿಯ ಮೇಲೆ ಇತ್ತಲ್ಲ ಎಂದು ಬಸ್ಸಿನ ಕಿಟಕಿಗೆ ಮುಖ ಮಾಡಿ ಅತ್ತರು. ಇರಲಿ ಬಿಡಿ, ಯಾರಿಗೂ ಗೊತ್ತಾಗುವುದಿಲ್ಲ ಎಂದು ವಿದ್ಯಾವತಿ ಹೇಳಿದರೂ ಕೇಳದೆ, ಮರುದಿನ ತಾವೇ ಗರಗಸ ಹಿಡಿದು ಕತ್ತು ಕೊಯ್ದರು.

ಈಗ ಒದ್ದೆ ಬೆರಳಿನಿಂದ ಗದ್ದವನ್ನು ಮೆಲ್ಲಗೆ ಇಳಿಸುತ್ತಿದ್ದಾರೆ. ಬಿಸಿಲು ಬರುವ ಬಾಗಿಲ ಬಳಿಗೆ ಬೊಂಬೆಯನ್ನು ಸರಿಸಿ, ಅದರೆದುರು ನೆಲದ ಮೇಲೆ ಕೂರುತ್ತಾರೆ.

"ನನಗ ನಕ್ಕಿದ್ದು ಹೋಗ್ಲಿ ಬಿಡ್ರಿ. ಇಕಿಗಿ ಯಾರೂ ನಗಬಾರ್ದು. ಹುಡುಗರಿಗಿ ಕುಂತು ನೋಡ್ರಿ ಅಂತ ಹೇಳ್ರಿ ಅಂದೀನಿ ಟೀಚರಿಗಿ. ಕುಂತ್ರ ಅಕಿ ಕಣ್ಣು ನೆಟ್ಟಗ ಕಾಣ್ತಾವ."