ನಾಳೆ ಎನ್ನದ ಮೇಡಂ

ವಾಸಿಯಾಗದ ಕಾಯಿಲೆಯ ಮಕ್ಕಳನ್ನು ಕೊನೆಯವರೆಗೂ ನೋಡಿಕೊಳ್ಳುವ ಸಿಂಗಸಂದ್ರದ ಆ ಮನೆಯಿಂದ, ಅದರ ಮುಖ್ಯಸ್ಥೆ ನೀಲಾಂಬಿಕಾ ಮೇಡಂ ‘ನಾಳೆ’ ಎಂಬ ಮಾತನ್ನೇ ಓಡಿಸಿಬಿಟ್ಟಿದ್ದರು. ಮಗು ಕೇಳಿದ್ದು ಹೊತ್ತು ಮುಳುಗುವುದರೊಳಗೆ ಆಗಬೇಕು, ನಾವಿರುವುದೇ ಅದಕ್ಕೆ ಎನ್ನುವರು. ಲಾರಿಯ ಹಾರ್ನ್ ಹೊಡೆಯಬೇಕೆಂದು ಒಬ್ಬಳು ಕೇಳಿದಾಗ ಹೊಸೂರು ರಸ್ತೆಗಿಳಿದು, “ಅಣ್ಣಾ, ಐದೇ ನಿಮಿಷ” ಎಂದು ಕಲ್ಲು ಹೊತ್ತ ಲಾರಿಯನ್ನೇ ಗೇಟಿಗೆ ತಂದರು. ಸೊಂಟಕ್ಕೆ ಪೇಜರ್ ಸಿಕ್ಕಿಸಿಕೊಂಡು ದೇಣಿಗೆ ಕೊಡಲು ಬಂದ ಕಾರ್ಖಾನೆ ಮಾಲೀಕರನ್ನೂ ಒಬ್ಬ ಹುಡುಗ ಕೇಳಿದ ಗಾಳಿಪಟ ಅಂಟಿಸಲು ಕೂರಿಸಿದರು. “ಮೇಡಂ ಕಾಲಾಗ ಚಕ್ರ ಐತಿ” ಎಂದು ಆಯಾ ರುಕ್ಮವ್ವ ನಗುವಳು. ಆದರೆ ದಿನಾ ಬೆಳಿಗ್ಗೆ ಮಕ್ಕಳ ಕೋಣೆಯ ಹೊರಗೆ ಆ ಚಕ್ರ ನಿಂತುಬಿಡುತ್ತಿತ್ತು. ಚಿಲಕದ ಮೇಲೆ ಕೈಯಿಟ್ಟು, ಒಳಗಿನ ಕೆಮ್ಮುಗಳನ್ನು ಒಂದೊಂದಾಗಿ ಗುರುತಿಸಿ, ಎಲ್ಲವೂ ಕೇಳಿಸಿದ ಮೇಲೇ ಬಾಗಿಲು ತೆಗೆಯುವರು. ಒಂದು ಕೆಮ್ಮು ತಡವಾದರೂ ಬಾಗಿಲಿಗೆ ಕಿವಿ ಒತ್ತುವರು. ಒಳಗೆ ಹೋದರೆ ಮಾತ್ರ ಅದೇ ನಗು, ಅದೇ ಮಾತು: “ಇವತ್ತು ಏನ್ ಬೇಕಪ್ಪಾ?” ಗಾರೆ ಕೆಲಸದವರ ಮಗ, ಎಂಟು ವರ್ಷದ ಮುತ್ತು, ಎರಡು ವಾರದಿಂದ ಏನೂ ಬೇಡವೆಂದು ತಲೆಯಾಡಿಸುತ್ತಿದ್ದ. ಆ ಸೋಮವಾರ ಅವರು ಬಿಡಲಿಲ್ಲ. “ಏನಾದ್ರೂ ಕೇಳೋ, ಕಂದಾ.” ಮುತ್ತು ಹೊದಿಕೆಯನ್ನು ಗದ್ದದವರೆಗೆ ಎಳೆದುಕೊಂಡ. “ಬ್ಯಾಡ್ರಿ ಮೇಡಂ. ಹಾರ್ನ್ ಹೊಡದಾಕಿ ಹೋದ್ಳು. ಗಾಳಿಪಟ ಕೇಳಿದಾಂವನೂ ಹೋದ. ನೀವು ಕೊಟ್ಟ ಮ್ಯಾಲೆ ಎಲ್ಲಾರೂ ಹೋಗ್ತಾರ್ರಿ.” ಮೇಡಂ ಮಂಚದ ಅಂಚು ಹಿಡಿದು ಕುಳಿತರು. ಅವನ ಹೊದಿಕೆ ಸರಿಪಡಿಸಿ, “ಆಯ್ತಪ್ಪಾ, ನಾಳೆ ಕೇಳ್ತೀನಿ” ಎಂದರು.