ಊಟಕ್ಕೆ ಕರೆಯುವವನು

ಮದುವೆ ಕಾಗದದ ಮೂಲೆಗೆ ಹಚ್ಚಿದ ಅರಿಶಿನದ ವಾಸನೆ ನಿಮಗೂ ಇಷ್ಟವಲ್ಲವೇ? ನನಗೂ ಇಷ್ಟವಿತ್ತು. ಈಗ ಅಂಥ ಕಾಗದ ಬಂದರೆ ಒಡೆಯದೆ ಬದಿಗಿಡುತ್ತೇನೆ. ಇವತ್ತು ಬೆಳಿಗ್ಗೆ ಅಡ್ಡಗದ್ದೆಯಿಂದ ದೊಡ್ಡಪ್ಪನ ಮಗಳು ಶಾರದಕ್ಕನ ಮನೆಯ ಕಾಗದ ಬಂತು. ಹಿಂದೆಯೇ ಫೋನು: “ಮಾಣಿಯನ್ನ ಕರ್ಕೊಂಡೇ ಬಾ ಮಾರಾಯ್ತಿ. ಅವನಿಲ್ದೆ ಊಟಕ್ಕೆ ಕರೆಯೋರು ಯಾರು?” ನೋಡೋಣ ಎಂದೆ. ಇಲ್ಲ ಎನ್ನಲು ಬಾಯಿ ಬಾರದಾಗ ನಾನು ಹೇಳುವ ಮಾತು ಅದು.

ಮಾಣಿ ಎಂದರೆ ನನ್ನ ತಮ್ಮ. ನಮ್ಮ ಮನೆಮಾತಿನಲ್ಲಿ ಮಾಣಿ ಅಂದರೆ ಹುಡುಗ. ಈ ಹುಡುಗನಿಗೆ ಐವತ್ತು ದಾಟಿದೆ. ಹುಟ್ಟಿದಾಗಿನಿಂದಲೂ ಬುದ್ಧಿ ನಿಧಾನ. ಶಾಲೆ ಎರಡನೇ ಕ್ಲಾಸಿಗೇ ಸಾಕೆಂದಿತು. ಆದರೆ ಕೊಪ್ಪ, ಶೃಂಗೇರಿ ಸುತ್ತ ನೆಂಟರ ಮನೆಯಲ್ಲಿ ಏನೇ ಕಾರ್ಯವಿರಲಿ, ಜಗಲಿ, ಅಂಗಳ, ಹಿತ್ತಿಲೆಲ್ಲ ಸುತ್ತಿ ಕೈಮುಗಿದು, “ಎಲೆ ಹಾಕಿಯಾಯ್ತು, ಊಟಕ್ಕೆ ಏಳ್ಬೇಕು” ಎಂದು ಕರೆಯುವ ಕೆಲಸ ಅವನದು. ಇಸ್ಪೀಟು ಆಡುವವರನ್ನೂ ಬಿಡುತ್ತಿರಲಿಲ್ಲ. ಏಳುವವರೆಗೆ ಪಕ್ಕದಲ್ಲೇ ನಿಲ್ಲುತ್ತಿದ್ದ. ನಮ್ಮಲ್ಲಿ ಎಷ್ಟೇ ಹಸಿದಿದ್ದರೂ ಕರೆಯದೆ ಯಾರೂ ಏಳುವುದಿಲ್ಲ ನೋಡಿ. ನಾನಂತೂ ಅಡುಗೆಮನೆ ಬಾಗಿಲಲ್ಲೇ ಸುಳಿಯುತ್ತ, ಏನೂ ಗೊತ್ತಿಲ್ಲದವಳಂತೆ ಅವನ ದನಿಗೆ ಕಾಯುತ್ತಿದ್ದೆ. ಅವನು ಮಾತ್ರ ಕಡೇ ಪಂಕ್ತಿಯಲ್ಲಿ, ಬಡಿಸಿದವರ ಜೊತೆ ಉಣ್ಣುತ್ತಿದ್ದ. ಅವನನ್ನು ಯಾರೂ ಕರೆಯುತ್ತಿರಲಿಲ್ಲ.

ಹೋದ ವರ್ಷ ಸೀತೂರಿನಲ್ಲಿ ಒಂದು ಉಪನಯನ. ಊಟ ಮುಗಿದು ಎಲ್ಲರೂ ಎಲೆಅಡಿಕೆ ಹಾಕುತ್ತಿದ್ದಾಗ ಮಾಣಿ ಮತ್ತೆ ಬಂದ. “ಎಲೆ ಹಾಕಿಯಾಯ್ತು, ಊಟಕ್ಕೆ ಏಳ್ಬೇಕು.” ಜಗಲಿ ತುಂಬ ನಗು. “ಇನ್ನೊಂದ್ಸಲ ಉಂಡ್ರೆ ನಮ್ಮನ್ನ ಹೊತ್ಕೊಂಡೇ ಹೋಗ್ಬೇಕು ಮಾರಾಯ!” ಎಂದರು ಒಬ್ಬರು. ಅವನು ನಗಲಿಲ್ಲ. ಯಾರೂ ಏಳದ್ದನ್ನು ಕಂಡು ಗಾಬರಿಯಾಗಿ ಒಬ್ಬೊಬ್ಬರ ಕೈ ಹಿಡಿದು ಎಳೆಯತೊಡಗಿದ. ಆ ಮುಖ ನೋಡಿ ನನಗೆ ಭಯವಾಯಿತು.

ಆಮೇಲೆ ಅಂಗಿ ಹಿಂದುಮುಂದಾಗಿ ಹಾಕಿಕೊಂಡ, ಬಚ್ಚಲಿನ ದಾರಿ ಮರೆತ. ಯಾರಿಗೆ ಹೇಳಿದರೂ ಒಂದೇ ಉತ್ತರ: “ಅವ ಮೊದಲಿಂದ್ಲೂ ಹಂಗೇ ಅಲ್ದಾ? ಮಾಣಿಗೆ ಎಂತ ಅರಳುಮರಳು?” ಹುಡುಗ, ಹುಡುಗ ಎಂದು ಕರೆದೂ ಕರೆದೂ ಅವನಿಗೂ ವಯಸ್ಸಾಗುತ್ತದೆಂಬುದು ಯಾರಿಗೂ ಹೊಳೆದಿರಲಿಲ್ಲ. ಶಿವಮೊಗ್ಗದ ಡಾಕ್ಟರಮ್ಮ ಮಾತ್ರ, “ಮೊದಲು ಇವರು ಏನೇನು ಮಾಡ್ತಿದ್ರು?” ಎಂದು ಕೇಳಿದರು. ಇವನಿಗೆ ಏನು ಬರುವುದಿಲ್ಲ ಎಂದು ಕೇಳಿದವರೇ ಎಲ್ಲ. ಏನು ಬರುತ್ತಿತ್ತು ಎಂದು ಕೇಳಿದವರು ಅವರೊಬ್ಬರೇ. ಹೇಳುತ್ತ ಹೇಳುತ್ತ ಅತ್ತುಬಿಟ್ಟೆ. ಇಂಥವರಿಗೆ ಮರೆವಿನ ಕಾಯಿಲೆ ಬೇಗ ಬರುವುದುಂಟು, ಗದರಬೇಡಿ, ಪರೀಕ್ಷೆ ಮಾಡಬೇಡಿ, ರೂಢಿ ತಪ್ಪಿಸಬೇಡಿ ಎಂದರು.

ಅಂದಿನಿಂದ ಅದೇ ತಟ್ಟೆ, ಅದೇ ಕುರ್ಚಿ. ಗೇಟಿಗೆ ಬೀಗ. ಬಚ್ಚಲಲ್ಲಿ ಸ್ವಲ್ಪ ತಡಮಾಡಿದರೂ ಹೆದರಿ ಬಾಗಿಲು ತಟ್ಟುತ್ತೇನೆ. ಕನ್ನಡಕ ಎಲ್ಲಿಟ್ಟೆನೆಂದು ಹುಡುಕುವಾಗ ಇನ್ನೊಂದು ಹೆದರಿಕೆ: ನನಗೂ ಶುರುವಾದರೆ ಇವನಿಗೆ ಯಾರು? ಈಗ ಈ ಮದುವೆ. ಕರೆದುಕೊಂಡು ಹೋದರೆ ನಗುತ್ತಾರೆ. ಬಿಟ್ಟು ಹೋದರೆ ಊರವರ ನಡುವೆ ಅವನಿಗಿದ್ದ ಒಂದೇ ಜಾಗವನ್ನು ನಾನೇ ಕಸಿದಂತೆ.

ಮಧ್ಯಾಹ್ನ ಧೈರ್ಯ ಮಾಡಿ ಫೋನ್ ಮಾಡಿದೆ.

“ಬತ್ತೆ ಶಾರದಕ್ಕ, ಅವನನ್ನೂ ಕರ್ಕೊಂಡೇ ಬತ್ತೆ. ಆದ್ರೆ ಕರೆಯೋ ಕೆಲಸ ಬೇಡ, ಅವನಿಗೆ ಹುಷಾರಿಲ್ಲ. ಈ ಸಲ ಮೊದಲ್ನೇ ಪಂಕ್ತಿಗೆ ಅವನನ್ನ ನೀನೇ ಬಂದು ಕರೀಬೇಕು. ಮಾಣಿ ಅಂತ ಅಲ್ಲ, ಹೆಸರು ಹಿಡಿದು.”

“ಆಯ್ತು ಮಾರಾಯ್ತಿ, ಅದಕ್ಕೆಂತ,” ಎಂದಳು. ಆಮೇಲೆ ಮೆಲ್ಲಗೆ, “ಅವನ ಹೆಸರೆಂತ?”

“ಶ್ರೀಧರ.”

ಫೋನ್ ಇಟ್ಟ ಮೇಲೆ, ಆ ಹೆಸರು ಅವನಿಗಾದರೂ ನೆನಪಿದೆಯೇ ಎಂದು ನನಗೇ ಸಂಶಯ ಬಂತು. ಪರೀಕ್ಷೆ ಮಾಡಬೇಡಿ ಎಂದಿದ್ದರು ಡಾಕ್ಟರು, ಮನಸ್ಸು ಕೇಳಲಿಲ್ಲ. ಅವನ ಕುರ್ಚಿಯೆದುರು ನಿಂತು ಕೈಮುಗಿದೆ. “ಶ್ರೀಧರ, ಎಲೆ ಹಾಕಿಯಾಯ್ತು, ಊಟಕ್ಕೆ ಏಳ್ಬೇಕು.”

ಅವನ ಮುಖ ಅರಳಿತು. ಎದ್ದು ನೇರ ಜಗಲಿಗೆ ಹೋದ. ಖಾಲಿ ಅಂಗಳಕ್ಕೆ ಕೈಮುಗಿದು ಕರೆದ:

“ಶ್ರೀಧರ, ಊಟಕ್ಕೆ ಏಳ್ಬೇಕಂತೆ.”

ಯಾರೂ ಬರಲಿಲ್ಲ. ಬರುವವರೆಗೆ ಕಾಯುವವನಂತೆ ಅಲ್ಲೇ ನಿಂತ. ನಾನೂ ಹೋಗಿ ಪಕ್ಕದಲ್ಲಿ ನಿಂತೆ.