ಮಾಸ್ಟರ್ ಬಿಡದ ಎರಡು ಬೆರಳು

ಟೈಲರ್ ಅಂಗಡಿಯಲ್ಲಿ ನಲವತ್ತು ವರ್ಷ ಬಟ್ಟೆ ಕತ್ತರಿಸಿದ ಮಾಸ್ಟರ್ ಒಂದು ಚೂರನ್ನೂ ಹಾಳುಮಾಡಿದವರಲ್ಲ. ಆದರೂ ಯಾರ ಪ್ಯಾಂಟಾದರೂ ಸರಿ, ಒಳಗೆ ಎರಡು ಬೆರಳು ಬಟ್ಟೆ ಹೆಚ್ಚಿಗೆ ಬಿಟ್ಟೇ ಕತ್ತರಿಸುತ್ತಿದ್ದರು. "ಮೈ ಯಾರ ಮಾತು ಕೇಳುತ್ತೆ ಸ್ವಾಮಿ? ನಾಳೆ ದಪ್ಪ ಆದ್ರೆ ಹೊಲಿಗೆ ಬಿಚ್ಕೊಳ್ಳಿ" ಎನ್ನುತ್ತಿದ್ದರು.

ಊರಿಗೆಲ್ಲ ಬುದ್ಧಿ ಹೇಳಿದ ಈ ಪುಣ್ಯಾತ್ಮ ತನ್ನ ಮುಪ್ಪಿಗೆ ಮಾತ್ರ ಏನೂ ಬಿಟ್ಟುಕೊಳ್ಳಲಿಲ್ಲ. ಅಪ್ಪ, ದೊಡ್ಡಪ್ಪ, ಇಬ್ಬರು ಅಣ್ಣಂದಿರು, ಆ ಮನೆತನದ ಗಂಡಸರು ಯಾರೂ ಎಪ್ಪತ್ತು ದಾಟಿರಲಿಲ್ಲ. ಹಾಗಾಗಿ ಅರವತ್ತಕ್ಕೆ ಕೆಲಸ ಬಿಟ್ಟವರು ಬ್ಯಾಂಕಿನ ಗಂಟು ಎಪ್ಪತ್ತಕ್ಕೆ ಸರಿಹೋಗುವಂತೆ ಲೆಕ್ಕ ಹಾಕಿ, ತಿಂಗಳು ತಿಂಗಳು ತೆಗೆದು ಉಂಡರು. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಎಂದು ಯಾರಾದರೂ ಎಚ್ಚರಿಸಿದರೆ, "ಕೂತ್ಕೊಳ್ಳೋಕೆ ನಾನಿರ್ಬೇಕಲ್ಲ!" ಎಂದು ನಗುತ್ತಿದ್ದರು.

ಎಪ್ಪತ್ತು ಬಂತು, ಹೋಯಿತು. ಮಾಸ್ಟರ್ ಗುಂಡುಕಲ್ಲಿನ ಹಾಗೆ ಉಳಿದರು. ಗಂಟಿನ ತಳದಲ್ಲಿ ಉಳಿದಿದ್ದ ಚೂರುಪಾರಿನಲ್ಲೇ ಹೊಟ್ಟೆ ಕಟ್ಟಿ ಇನ್ನೂ ಮೂರು ವರ್ಷ ಎಳೆದರು. ಈಗ ಬ್ಯಾಂಕಿನಲ್ಲಿದ್ದದ್ದು ಒಂದು ತಿಂಗಳ ಬಾಡಿಗೆ ಅಷ್ಟೆ, ಹೆಂಡತಿಗೆ ಅದು ಗೊತ್ತಿರಲಿಲ್ಲ. ನಾಚಿಕೆ ಬಿಟ್ಟು ಹಳೆಯ ಅಂಗಡಿಗೆ ಹೋಗಿ ಕೆಲಸ ಕೇಳಿದರು. ಯಜಮಾನ ಮರ್ಯಾದೆಯಿಂದಲೇ ಮೇಜಿನ ಮೇಲೆ ಬಟ್ಟೆ ಹಾಸಿ ಸೀಮೆಸುಣ್ಣ ಕೊಟ್ಟ. ಮಾಸ್ಟರ್ ಎಳೆದ ಗೆರೆ ಸೊಟ್ಟಗಾಯಿತು. ಯಜಮಾನ ಅದನ್ನು ನೋಡದವನಂತೆ ಚಹಾ ತರಿಸಿದ. ಮಾಸ್ಟರಿಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು.

ಮರುವಾರ ಎದೆ ಹಿಡಿದುಕೊಂಡಾಗ, ಹೇಳಬಾರದ ಮಾತು, ಅವರಿಗೆ ಸಮಾಧಾನವೇ ಆಯಿತು. ಹೆಂಡತಿಯೇ ಹೆದರಿ ಆಸ್ಪತ್ರೆಗೆ ಎಳೆದೊಯ್ದಳು.

"ಬರೀ ಗ್ಯಾಸು ಯಜಮಾನ್ರೇ. ಎದೆ ಕಲ್ಲಿದ್ದಂಗಿದೆ, ನೂರು ವರ್ಷ ಬದುಕ್ತೀರಿ" ಎಂದರು ಡಾಕ್ಟರು.

ಹೆಂಡತಿ ಕೈ ಮುಗಿದಳು. ಮಾಸ್ಟರ್ ಅಂಗಿಯ ಗುಂಡಿ ಹಾಕಿಕೊಳ್ಳುತ್ತಾ ಅತ್ತುಬಿಟ್ಟರು. ಸಂತೋಷಕ್ಕೆ ಅಳುತ್ತಿದ್ದಾರೆ ಎಂದು ಡಾಕ್ಟರು ಬೆನ್ನು ತಟ್ಟಿದರು.

ಮನೆಗೆ ಬಂದವರೇ ಮಾಸ್ಟರ್ ಎಲ್ಲವನ್ನೂ ಹೇಳಿದರು. "ನಾನು ಎಪ್ಪತ್ತಕ್ಕೆ ಹೋಗ್ತೀನಿ ಅಂದ್ಕೊಂಡಿದ್ದೆ ಕಣೇ. ಅಷ್ಟಕ್ಕೇ ಇಟ್ಟಿದ್ದೆ. ಎಲ್ಲಾ ಮುಗೀತು."

ಅವಳು ಬೈಯುತ್ತಾಳೆಂದು ಕಾದರು. ಅವಳು ಗಂಡನಿಗಿಂತ ಎಂಟು ವರ್ಷ ಚಿಕ್ಕವಳು. ಅವಳ ತಾಯಿ ತೊಂಬತ್ತರ ಮೇಲೂ ಬದುಕಿದ್ದವರು. ಮೆಲ್ಲಗೆ ಕೇಳಿದಳು:

"ಅಲ್ಲಾ ರೀ, ನೀವು ಎಪ್ಪತ್ತಕ್ಕೆ ಹೋಗಿದ್ರೆ, ಆಮೇಲೆ ನಾನೇನು ಉಣ್ಬೇಕಿತ್ತು?"

ಅದನ್ನು ಮಾಸ್ಟರ್ ಒಂದು ದಿನವೂ ಯೋಚಿಸಿರಲಿಲ್ಲ.